ಮೂಲೆಯವನ ಹೆಸರು

ಹೊಳೆಯ ಈಚೆ ಒಂದು ಊರು, ಊರಿನ ನಡುವೆ ಒಂದು ಆಟದ ಅಂಕಣ. ಬೇರೆ ಊರುಗಳಲ್ಲಿ ಈ ಆಟ ಆಡುವವರು ನಡುಗೆರೆ ದಾಟಿದ ಕೂಡಲೇ ಕಬಡ್ಡಿ ಕಬಡ್ಡಿ ಎನ್ನುತ್ತಾರೆ. ಅದಕ್ಕೇನು ಅರ್ಥವೆಂದು ಯಾರೂ ಕೇಳುವುದಿಲ್ಲ. ಈ ಊರಿನಲ್ಲಿ ಮಾತ್ರ ಗೆರೆ ದಾಟುವವನು ಒಂದು ಹೆಸರು ಹೇಳಬೇಕು. ಯಾರ ಬಳಿಗೆ ಮರಳಿ ಬರಬೇಕೆಂದು ಅವನ ಜೀವ ಹಂಬಲಿಸುತ್ತದೋ ಅವರ ಹೆಸರು. ಒಂದೇ ಉಸಿರಿನಲ್ಲಿ, ಎಲ್ಲರಿಗೂ ಕೇಳುವಂತೆ, ಎದುರಿನವರನ್ನು ಮುಟ್ಟಿ ತನ್ನ ಗೆರೆಗೆ ಹಿಂದಿರುಗುವ ತನಕ ಹೇಳುತ್ತಲೇ ಇರಬೇಕು. ಸುಳ್ಳು ಹೆಸರಿಗೆ ಉಸಿರಿಲ್ಲ ಎಂಬುದು ಊರಿನ ಮಾತು.

ಆಟ ನಿಂತ ಮೇಲೆ ಇನ್ನೊಂದು ಕ್ರಮ. ಆಟಗಾರರು ನಿಂತಲ್ಲೇ ನಿಲ್ಲುತ್ತಾರೆ. ತೊಳೆಯದ ಕಾಲು ನೀರಿನ ಬಳಿಗೆ ಹೋಗಬಾರದು, ನೀರೇ ಕಾಲಿನ ಬಳಿಗೆ ಬರಬೇಕು. ಎದುರು ಬದಿಯಲ್ಲಿ ಕೂತ ಹೆಸರಿನವರು ತಂಬಿಗೆ ಹಿಡಿದು ಏಳುತ್ತಾರೆ. ಅವರೂ ನಡುಗೆರೆ ದಾಟಿಯೇ ಬರಬೇಕು, ಅವರೂ ಒಂದೇ ಉಸಿರಿನಲ್ಲಿ ಆಟಗಾರನ ಹೆಸರು ಹೇಳುತ್ತ ಬರಬೇಕು. ಬೇರೆ ಊರುಗಳಲ್ಲಿ ಗಂಡನ ಹೆಸರು ಹೇಳಲು ಹೆಂಗಸರು ಒಡಪು ಕಟ್ಟಿ ನಾಚುತ್ತಾರಂತೆ. ಇಲ್ಲಿನವರಿಗೆ ಆ ನಾಚಿಕೆ ಇಲ್ಲ, ಒಲೆ ಊದಿ ಊದಿ ಪಳಗಿದ ಉಸಿರು ಅವರದು. ಬಂದು ಕಾಲಿಗೆ ನೀರು ಹೊಯ್ಯುತ್ತಾರೆ. ಎಲ್ಲರ ಕಾಲಿಗೂ ನೀರು ಬಿದ್ದರೆ ಆಟ ಮುಗಿಯಿತು. ಬಾಯಿ ತಪ್ಪಿ ಪಕ್ಕದ ಮನೆಯಾಕೆಯ ಹೆಸರು ಹೇಳಿ ಗೆದ್ದುಬಂದವನೊಬ್ಬನಿದ್ದ. ಅವನ ಹೆಂಡತಿ ನೀರನ್ನು ಅವನ ನೆತ್ತಿಯ ಮೇಲೆ ಹೊಯ್ದಳು, ತಂಬಿಗೆಯ ಸಮೇತ.

ಹೆಸರನ್ನು ಸುಮ್ಮನೆ ಸವೆಸಬಾರದೆಂದು ಉಳಿದ ಹೊತ್ತಿನಲ್ಲಿ ಆ ಊರಿನವರು ಯಾರ ಹೆಸರನ್ನೂ ಕರೆಯುವುದಿಲ್ಲ. ತಂಡವನ್ನು ನಡೆಸುವ ಆಟಗಾರ ಮುಂದಾಳು. ಕಣ್ಣು ಮಂಜಾಗಿ, ಕಿವಿ ಚುರುಕಾಗಿ, ಯಾರ ಉಸಿರು ಎಲ್ಲಿ ಮುರಿಯಿತೆಂದು ಹೇಳುವ ಮುದುಕ ಉಸಿರಜ್ಜ. ಬೆಳಗಾಗುತ್ತಲೇ ಸುಣ್ಣದ ಬುಟ್ಟಿ ಹಿಡಿದು ಗೆರೆ ಎಳೆಯುವವನು ಗೆರೆಯವನು. ನಮ್ಮ ಕಥೆಯವನು ಮೂಲೆಯಲ್ಲಿ ನಿಲ್ಲುತ್ತಿದ್ದನಾದ್ದರಿಂದ ಮೂಲೆಯವನು.

ಮೀಸೆ ಮೂಡುವ ತನಕ ಆಡುವ ಗಂಡುಮಕ್ಕಳೆಲ್ಲ ತಾಯಿಯ ಹೆಸರು ಹೇಳಿ ಗೆರೆ ದಾಟುತ್ತಾರೆ, ತಾಯಂದಿರೇ ಮಕ್ಕಳ ಹೆಸರು ಹೇಳುತ್ತ ಬಂದು ನೀರು ಹೊಯ್ಯುತ್ತಾರೆ. ಮೂಲೆಯವನೂ ಹಾಗೇ ದಾಟಿದವನು. ಅವನಿಗೆ ಮೀಸೆ ಮೂಡಿದ ವರ್ಷವೇ ತಾಯಿ ತೀರಿಕೊಂಡಳು. ಸೂತಕ ಕಳೆದು ಅಂಕಣಕ್ಕೆ ಬಂದವನನ್ನು ಉಸಿರಜ್ಜ ಹತ್ತಿರ ಕರೆದ.

"ಈಗ ಯಾರ ಹೆಸರು ಮಗಾ?"

ಹೆಸರು ಅವನ ಬಾಯಿಯಲ್ಲೇ ಇತ್ತು. ಹುಣಸೆಬೀಜದ ಹಾಗೆ ದವಡೆಯ ಒಳಗೆ ಕೂತಿತ್ತು. ಅದು ಗೆರೆಯವನ ಹೆಸರು. ಅಂಥ ಹೆಸರನ್ನು ಹೊತ್ತು ಗೆರೆ ದಾಟಿದವರನ್ನು ಊರು ಕಂಡಿರಲಿಲ್ಲ, ದಾಟಬಾರದೆಂದು ಯಾರೂ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಿರುವಂಥ ಮಾತು ಅದು.

"ನಾನು ಮೂಲೇಲಿ ನಿಂತ್ಕೋತೀನಿ ಅಜ್ಜ. ದಾಟಲ್ಲ," ಎಂದ.

"ಯಾವತ್ತೂ?"

"ಯಾವತ್ತೂ."

ಹೀಗೆ ಅವನು ಮೂಲೆಯವನಾದ. ಜನ ಅದನ್ನು ವಿನಯ ಎಂದುಕೊಂಡರು. ದಾಟದವನ ಬಾಯಲ್ಲಿ ಹೆಸರಿಲ್ಲ, ಹೆಸರಿಲ್ಲದವನ ಕಾಲು ಲೆಕ್ಕಕ್ಕಿಲ್ಲ. ಸಂಜೆ ಗೆರೆಯಾಚೆಯಿಂದ ಹೆಸರುಗಳು ನಡೆದು ಬರುವಾಗ ಅವನು ಮೆಲ್ಲಗೆ ಹಿಂದೆ ಸರಿದು ಬಾವಿಕಟ್ಟೆಗೆ ಹೋಗಿ ತಾನೇ ನೀರು ಸೇದಿ, ತನ್ನ ಕಾಲಿಗೆ ತಾನೇ ಹೊಯ್ದುಕೊಳ್ಳುತ್ತಿದ್ದ. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಹಿಮ್ಮಡಿ. ತನ್ನ ಕಾಲನ್ನು ತಾನೇ ತೊಳೆದುಕೊಳ್ಳುವುದು ದೊಡ್ಡ ಕಷ್ಟವಲ್ಲ ಬಿಡಿ, ಲೋಕವೆಲ್ಲ ಮಾಡುತ್ತದೆ. ಆದರೆ ಆ ಊರಿನಲ್ಲಿ, ಆ ಹೊತ್ತಿನಲ್ಲಿ, ಅವನೊಬ್ಬನೇ ಮಾಡುತ್ತಿದ್ದ.

ಅವನಿಗೆ ಎರಡು ಸುಖಗಳಿದ್ದವು. ಒಂದು ಬೆಳಗಿನದು. ಗೆರೆಯವನು ಸುಣ್ಣ ಬಿಡುತ್ತ ಬಗ್ಗಿ ಬಗ್ಗಿ ಹಿಂದಕ್ಕೆ ನಡೆಯುವ ಹೊತ್ತಿಗೆ ಇವನು ಬಂದು ಮೂಲೆಯಲ್ಲಿ ನಿಂತಿರುತ್ತಿದ್ದ.

"ಕಾಲು ತೆಗಿ ಮಾರಾಯ, ಗೆರೆ ಕೆಡುತ್ತೆ."

"ಕೆಟ್ರೆ ಇನ್ನೊಂದ್ಸಲ ಎಳಿ."

"ಹೇಳೋದಕ್ಕೇನು! ಸುಣ್ಣ ಏನು ನಿಮ್ಮಪ್ಪ ಸುಟ್ಟು ಕೊಡ್ತಾನಾ?"

ನಗುತ್ತಿದ್ದರು. ನಕ್ಕರೆ ಗೆರೆಯವನಿಗೆ ಕೆಮ್ಮು ಬರುತ್ತಿತ್ತು. ಚಿಕ್ಕಂದಿನಿಂದ ಸುಣ್ಣದ ಧೂಳು ಕುಡಿದು ಅವನ ಎದೆಯಲ್ಲಿ ಉಸಿರಿಗೆ ಜಾಗ ಸಾಲದಾಗಿತ್ತು, ಅದಕ್ಕೇ ಅವನು ಆಟಕ್ಕಿಳಿದವನಲ್ಲ. ಕೆಮ್ಮು ನಿಲ್ಲುವ ತನಕ ಮೂಲೆಯವನು ಸುಮ್ಮನೆ ಕಾಯುತ್ತಿದ್ದ. ಆಮೇಲೆ ಗೆರೆಯವನು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದ, ಹೋಗುವ ಮುಂಚೆ ಒಮ್ಮೆ ತಿರುಗಿ ನೋಡುತ್ತಿದ್ದ. ಇಬ್ಬರ ನಡುವೆ ನಡೆದದ್ದು ಇಷ್ಟೇ. ಮೂಲೆಯವನಿಗೆ ಅಷ್ಟರಲ್ಲೇ ದಿನ ತುಂಬುತ್ತಿತ್ತು.

ಇನ್ನೊಂದು ಸುಖ ಆಟದ್ದು. ಎದುರಾಳಿ ಹೆಸರು ಹೇಳುತ್ತ ಒಳನುಗ್ಗಿದಾಗ ಇವರೆಲ್ಲ ಕೈ ಕೈ ಹಿಡಿದು ಸರಪಳಿಯಾಗುತ್ತಿದ್ದರು. ಮೂಲೆಯವನು ಒಂದು ಕಾಲನ್ನು ಮೂಲೆಯಲ್ಲೇ ಊರಿ, ಪಕ್ಕದವನ ಕೈ ನಂಬಿ ಇಡೀ ಮೈಯನ್ನು ಹೊರಕ್ಕೆ ಚೆಲ್ಲುತ್ತಿದ್ದ. ಇನ್ನೊಂದು ಕಾಲು ಯಾರೂ ಎಣಿಸದಷ್ಟು ದೂರ ಹೋಗಿ ಎದುರಾಳಿಯ ಕಾಲಿಗೆ ತೊಡರುತ್ತಿತ್ತು. ಸರಪಳಿ ಅವನ ಭಾರವನ್ನು ಹೊರುತ್ತಿತ್ತು. ಪಕ್ಕದವನು ಎಂದರೆ ವರ್ಷಗಳಿಂದ ಅವನ ಎಡಗೈ ಹಿಡಿದು ನಿಂತವನು, ಒರಟು ಬಾಯಿಯ ಒಳ್ಳೆಯ ಮನುಷ್ಯ. "ಬೀಳು, ನಾನಿದ್ದೀನಿ," ಎನ್ನುತ್ತಿದ್ದ ಪ್ರತಿ ಸಲ. ಒಬ್ಬಂಟಿಯಾದವನಿಗೆ ಆ ಮಾತು ಎಷ್ಟು ಬೇಕಾಗಿತ್ತೆಂದು ಪಕ್ಕದವನಿಗೇನು ಗೊತ್ತು.

ವರ್ಷಕ್ಕೊಮ್ಮೆ ಹೊಳೆಯಾಚೆಯವರು ಹರಿಗೋಲು ದಾಟಿ ಆಡಲು ಬರುತ್ತಿದ್ದರು. ಅವರದೂ ಇದೇ ಕ್ರಮ. ಒಂದು ವರ್ಷ ಈಚೆಯವರೆಲ್ಲ ಒಬ್ಬೊಬ್ಬರಾಗಿ ಔಟಾಗಿ ಮೂಲೆಯವನೊಬ್ಬನೇ ಉಳಿದ. ಕೊನೆಗೆ ಉಳಿದವನು ದಾಟಲೇಬೇಕು, ದಾಟದಿದ್ದರೆ ಅವನಿಗೆ ಆ ಅಂಕಣದ ಮಣ್ಣು ಜನ್ಮಕ್ಕೂ ಇಲ್ಲ. ಮೂಲೆಯವನು ನಡುಗೆರೆಗೆ ಬಂದು ನಿಂತ.

ಮುಂದಾಳು ಹೊರಗಿನಿಂದ ಕೂಗಿದ, "ನನ್ನ ತಂಗಿ ಹೆಸರು ಹೇಳೋ! ಯಾರಾದ್ರೇನು, ಒಂದು ಹೆಸರು ತಾನೆ ಬೇಕಾಗಿರೋದು!"

ಮೂಲೆಯವನು ಆ ಹೆಸರು ಹೇಳಿ ದಾಟಿದ. ಎರಡನೆಯ ಹೆಜ್ಜೆಗೇ ಉಸಿರು ಮುರಿಯಿತು. ಯಾರೂ ಮುಟ್ಟಲಿಲ್ಲ, ಹಿಡಿಯಲಿಲ್ಲ. ಬಯಲಿನಲ್ಲಿ ನಿಂತು ಬಾಯಿ ತೆರೆದ, ಒಳಗಿನಿಂದ ಏನೂ ಬರಲಿಲ್ಲ. ಹೊಳೆಯಾಚೆಯವರು ಬಿದ್ದು ಬಿದ್ದು ನಕ್ಕರು. ಈಚೆಯವರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಸಿರು ಮುರಿದರೆ ಹೆಸರು ಬಿದ್ದ ಹಾಗೆ. ಬಿದ್ದ ಹೆಸರಿಗೆ ನೀರಿಲ್ಲ. ಅವನು ಎಂದಿನಂತೆ ಬಾವಿಕಟ್ಟೆಗೆ ಹೋದ. ಮುಂದಾಳಿನ ತಂಗಿ ಹಿಂದೆಯೇ ಬಂದಳು. ನೆಟ್ಟಗೆ ಮಾತಾಡುವ ಹೆಂಗಸು.

"ನನ್ನ ಹೆಸರು ನಿನ್ನ ಬಾಯಲ್ಲಿ ಬೇಯಲೇ ಇಲ್ವಲ್ಲೋ," ಎಂದಳು.

"ತಪ್ಪಾಯ್ತು ಅಕ್ಕ."

"ತಪ್ಪು ನಿಂದಲ್ಲ, ನಮ್ಮಣ್ಣಂದು. ನನ್ನ ಹೆಸರನ್ನ ಸೌಟು ಎರವಲು ಕೊಟ್ಟ ಹಾಗೆ ಕೊಟ್ಟುಬಿಟ್ಟ, ನನ್ನನ್ನೊಂದು ಮಾತು ಕೇಳಿದ್ನಾ?" ಕಟ್ಟೆಯ ಮೇಲೆ ಕೂತು ಅವನನ್ನೇ ನೋಡಿದಳು. "ಅಲ್ಲಿ ಆಗಲೇ ಇನ್ನೊಂದು ಹೆಸರು ಕೂತಿದೆ. ಅದಕ್ಕೇ ನಂದಕ್ಕೆ ಜಾಗ ಆಗ್ಲಿಲ್ಲ. ಯಾರದು?"

ಅವನು ಕಾಲಿನ ಮೇಲೆ ಚೊಂಬು ಬಗ್ಗಿಸಿದ. ಅಂಕಣದ ಅಂಚಿನಲ್ಲಿ ಯಾರೋ ಕೆಮ್ಮಿದರು. ಅವನ ಕೈಯ ಚೊಂಬು ಅಲ್ಲೇ ನಿಂತಿತು. ಅವಳು ಕೆಮ್ಮು ಬಂದ ಕಡೆ ನೋಡಿದಳು, ಚೊಂಬನ್ನು ನೋಡಿದಳು.

"ಓ," ಎಂದಳು. "ನಾನು ಯಾರಿಗೂ ಹೇಳಲ್ಲ. ಆದ್ರೆ ಇನ್ನೊಂದು ಸಲ ದಾಟೋದು ಬಂದ್ರೆ ಅದನ್ನೇ ಹೇಳು. ಎರವಲು ತಗೋಬೇಡ," ಎಂದು ಎದ್ದುಹೋದಳು.

ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೆಣ್ಣಿನ ಹೆಸರಿಗೆ ಉಸಿರಿಲ್ಲದ ಗಂಡು ಎಂದು ಊರು ತಾನೇ ಲೆಕ್ಕ ಹಾಕಿಕೊಂಡಿತ್ತು. ಮರುದಿನ ಆಟಕ್ಕೆ ನಿಂತಾಗ ಪಕ್ಕದವನು ತನ್ನ ಹೆಗಲ ಟವೆಲಿನ ಒಂದು ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು ಇನ್ನೊಂದು ತುದಿಯನ್ನು ಮೂಲೆಯವನ ಕಡೆ ಚಾಚಿದ.

"ಕೈ ಬೆವರುತ್ತೆ ಕಣೋ," ಎಂದ. "ಜಾರುತ್ತೆ. ಅದಕ್ಕೆ."

ಮೂಲೆಯವನು ಟವೆಲಿನ ತುದಿ ಹಿಡಿದುಕೊಂಡ. ಇಷ್ಟು ವರ್ಷ ಬೆವರದ ಕೈ ಒಂದೇ ರಾತ್ರಿಗೆ ಹೇಗೆ ಬೆವರಿತೆಂದು ಕೇಳಲಿಲ್ಲ. ಅವನನ್ನು ಯಾರೂ ಬೈಯಲಿಲ್ಲ, ಹೋಗೆಂದು ಹೇಳಲಿಲ್ಲ. "ಬೀಳು, ನಾನಿದ್ದೀನಿ" ಎಂಬ ಮಾತು ಮಾತ್ರ ನಿಂತುಹೋಯಿತು. ಬೆಳಗಿನ ಸುಖವೂ ಹೋಯಿತು. ಗೆರೆಯವನು ಈಗ ಮೊದಲು ಮೂಲೆಯ ಗೆರೆ ಎಳೆದು, ಇವನು ಬರುವ ಮುಂಚೆಯೇ ಬೇರೆ ಕಡೆ ಹೋಗಿಬಿಡುತ್ತಿದ್ದ. ಹಸಿ ಸುಣ್ಣದ ವಾಸನೆಯಷ್ಟೇ ಉಳಿದಿರುತ್ತಿತ್ತು. ಮೂಲೆಯವನಿಗೆ ಅಳು ಬರುತ್ತಿತ್ತು. ಹೊಳೆ ದಾಟಿ ಎಲ್ಲಿಗಾದರೂ ಹೋಗಿಬಿಡೋಣವೆಂದು ಹರಿಗೋಲಿನವರೆಗೂ ಹೋಗಿ ಬಂದದ್ದೂ ಉಂಟು. ಹೋಗಿ ಎಲ್ಲಿ ನಿಲ್ಲುವುದು? ಅವನ ಕಾಲಿಗೆ ಗೊತ್ತಿದ್ದದ್ದು ಆ ಮೂಲೆಯೊಂದೇ.

ಮರುವರ್ಷ ಹೊಳೆಯಾಚೆಯವರು ಮತ್ತೆ ಬಂದರು. ಅವರ ಮೊದಲನೆಯವನು ಒಳನುಗ್ಗಿದ. ಮೂಲೆಯವನು ಕಾಲು ಊರಿ ಮೈ ಚೆಲ್ಲಿದ. ಟವೆಲು ಎಳೆತಕ್ಕೆ ಹಿಗ್ಗಿ ಪಕ್ಕದವನ ಮುಷ್ಟಿಯಿಂದ ಬಿಚ್ಚಿಕೊಂಡಿತು. ಸರಪಳಿ ಕಡಿಯಿತು, ಮೂಲೆಯವನು ಮಣ್ಣಿಗೆ ಮುಖ ಕೊಟ್ಟು ಬಿದ್ದ, ಬಂದವನು ಮೂವರನ್ನು ಮುಟ್ಟಿ ಹೋದ. ಎರಡನೆಯ ಸಲವೂ ಹಾಗೇ ಆಯಿತು. ಬರಿಗೈ ಹಿಡಿದಿದ್ದರೆ ಆಗುತ್ತಿರಲಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಯಾರೂ ಬರಿಗೈ ಚಾಚಲಿಲ್ಲ, ಸೋಲುವುದೇ ವಾಸಿ ಅನ್ನಿಸಿರಬೇಕು. ಸೋಲುತ್ತ ಹೋದರು. ಎಲ್ಲರೂ ಔಟಾಗಿ ಹೊರಗೆ ಕೂತರು, ಮತ್ತೆ ಮೂಲೆಯವನೊಬ್ಬನೇ ಉಳಿದ.

ಈ ಸಲ ಮುಂದಾಳು ಹೆಸರು ಕೊಡಲಿಲ್ಲ, ನೆಲ ನೋಡುತ್ತ ಕೂತಿದ್ದ. ಉಸಿರಜ್ಜ ಎದ್ದು ನಿಂತ.

"ಯಾರ ಹೆಸರು ಮಗಾ?"

ಮೂಲೆಯವನು ನಡುಗೆರೆಯ ಬಿಳುಪನ್ನು ನೋಡಿದ. ಆ ಬೆಳಗ್ಗೆ ಗೆರೆಯವನು ಎಳೆದ ಗೆರೆ. ಅವನಿಗೆ ಬೇಜಾರಾಗಿತ್ತು, ಹೆದರಿ ಹೆದರಿ ಸಾಕಾಗಿತ್ತು. ಉಸಿರು ತುಂಬಿಕೊಂಡು ಗೆರೆ ದಾಟಿದ, ಬಾಯಲ್ಲಿದ್ದ ಹೆಸರನ್ನು ಬಿಟ್ಟ.

ಆ ಹೆಸರು ಏನೆಂದು ನಾನು ಹೇಳುವುದಿಲ್ಲ, ನನಗೆ ಸವೆಸುವ ಹಕ್ಕಿಲ್ಲ. ಊರಿನವರೆಲ್ಲ ಕೇಳಿದರು. ಎದುರು ಬದಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಗೆರೆಯವನೂ ಕೇಳಿದ. ಹೆಸರು ಮೊದಲು ಮೆಲ್ಲಗಿತ್ತು, ಆಮೇಲೆ ಗಟ್ಟಿಯಾಯಿತು. ಮೂಲೆಯವನು ಎದುರಿನ ಕೊನೆಯವರೆಗೂ ಹೋದ. ಹೊಳೆಯಾಚೆಯ ಏಳು ಜನವೂ ಅವನ ಮೇಲೆ ಬಿದ್ದರು. ಕಾಲು, ಸೊಂಟ, ಕತ್ತು ಹಿಡಿದು ನೆಲಕ್ಕೆ ಒತ್ತಿದರು. ಮೂಲೆಯವನು ಕಾಣಿಸದೇ ಹೋದ. ಆ ಮೈಗಳ ರಾಶಿಯ ಅಡಿಯಿಂದ ಹೆಸರು ಮಾತ್ರ ಬರುತ್ತಲೇ ಇತ್ತು. ರಾಶಿ ಗೇಣು ಗೇಣು ಸರಿಯುತ್ತ ನಡುಗೆರೆಯ ಕಡೆಗೆ ಬಂತು. ಕೊನೆಗೆ ಅದರೊಳಗಿನಿಂದ ಒಂದು ಕೈ ಹೊರಬಂದು ಗೆರೆಯನ್ನು ಮುಟ್ಟಿತು. ಉಸಿರು ಇನ್ನೂ ಮುರಿದಿರಲಿಲ್ಲ.

ಹಿಡಿದವರೆಲ್ಲ ಔಟಾದರು. ಈಚೆಯವರು ಗೆದ್ದರು. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಹೊರಗಿದ್ದವರು ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಮೂಲೆಯವನು ಬೆರಳಿಗೆ ಸುಣ್ಣ ಮೆತ್ತಿಕೊಂಡು ತನ್ನ ಮೂಲೆಗೆ ಹೋದ. ತಂಬಿಗೆಗಳು ಎದ್ದವು, ಹೆಸರುಗಳು ಗೆರೆ ದಾಟಿ ಬಂದವು, ಒಬ್ಬೊಬ್ಬರ ಕಾಲಿಗೂ ನೀರು ಬಿತ್ತು. ಮೂಲೆಯವನ ಕಾಲು ಹಾಗೇ ಇತ್ತು. ಗೆರೆಯವನು ಬುಟ್ಟಿಯನ್ನು ಅಲ್ಲೇ ಇಟ್ಟು, ತಿರುಗಿ ನೋಡದೆ ಮನೆಗೆ ಹೋಗಿಬಿಟ್ಟ.

ಉಸಿರಜ್ಜ ಬಹಳ ಹೊತ್ತು ಕಿವಿಗೊಟ್ಟು ನಿಂತಿದ್ದ. ಆಮೇಲೆ ಹೇಳಿದ, "ಒಬ್ಬರ ಕಾಲು ಬಾಕಿ ಇದೆ. ಆಟ ಮುಗಿದಿಲ್ಲ. ರಾತ್ರಿ ಮನೆಗೆ ಹೋಗಿ, ಮಲಗಿ. ನಾಳೆ ಇದೇ ಹೊತ್ತಿಗೆ ಎಲ್ಲರೂ ಇಲ್ಲೇ ಬಂದು ನಿಲ್ಲಿ."

ಕ್ರಮ ಎಂದರೆ ಕ್ರಮ. ಮರುದಿನ ಎಲ್ಲರೂ ಬಂದು ನಿಂತರು, ಕತ್ತಲಾಗುವ ತನಕ ನಿಂತು ಹೋದರು. ಅದರ ಮರುದಿನವೂ ಬಂದರು. ಹೊಳೆಯಾಚೆಯವರೂ ಹರಿಗೋಲು ಏರಿ ಬಂದು ನಿಲ್ಲಬೇಕಾಯಿತು. ಎಮ್ಮೆ ಕರೆಯುವ ಹೊತ್ತು ತಪ್ಪಿತು. ಹಿಟ್ಟು ಹುಳಿಯಾಯಿತು. ಅತ್ತೆಗೆ ಮೈ ಸರಿಯಿಲ್ಲವೆಂದು ತಪ್ಪಿಸಿಕೊಳ್ಳಲು ನೋಡಿದವನ ಅತ್ತೆಯನ್ನೂ ಉಸಿರಜ್ಜ ಅಂಕಣಕ್ಕೇ ಕರೆಸಿದ. ಗೆರೆ ಎಳೆಯುವವರಿಲ್ಲದೆ ಗೆರೆಗಳು ಕಾಲಿಗೂ ಗಾಳಿಗೂ ಸಿಕ್ಕಿ ಅಳಿಸುತ್ತ ಬಂದವು. ಮೂಲೆಯವನ ಕಾಲಿನ ಮಣ್ಣು ಒಣಗಿ ಬಿರಿಯಿತು. ಮಣ್ಣುಗಾಲನ್ನು ಚಾಪೆಯಿಂದ ಹೊರಗೆ ಚಾಚಿ ಮಲಗುತ್ತಿದ್ದ. ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ, ಅಷ್ಟು ಜನರ ನಡುವೆ ದಿನವೂ ನಿಂತು ಅಷ್ಟು ಒಂಟಿಯಾದವರು ಇನ್ನೊಬ್ಬರಿರಲಿಕ್ಕಿಲ್ಲ.

ಕೊನೆಗೆ ಮುಂದಾಳು ನಾಲ್ಕು ಜನರನ್ನು ಕಟ್ಟಿಕೊಂಡು ಅವನ ಮೂಲೆಗೆ ಬಂದ.

"ನೋಡಪ್ಪ, ನೀನೇ ಒಂದು ಚೊಂಬು ಹೊಯ್ಕೊಂಡುಬಿಡು. ನಾವೆಲ್ಲ ಆ ಕಡೆ ತಿರುಗಿ ನಿಂತ್ಕೋತೀವಿ."

"ಇಷ್ಟು ವರ್ಷ ಹಾಗೇ ಮಾಡಿದ್ನಲ್ಲ," ಎಂದ ಮೂಲೆಯವನು. "ಆಗ ಹೆಸರು ನನ್ನ ಹೊಟ್ಟೇಲಿತ್ತು. ಈಗ ನೀವೆಲ್ಲ ಕೇಳಿದ್ದೀರ."

"ಹಾಗಾದ್ರೆ ಆ ಹೆಸರು ಸುಳ್ಳು ಅಂದುಬಿಡು. ಬಿದ್ದ ಹೆಸರಿಗೆ ನೀರಿಲ್ಲ, ಎಲ್ಲರಿಗೂ ಬಿಡುಗಡೆ."

ಅವನು ಉತ್ತರ ಕೊಡುವ ಮುಂಚೆ ಹೊಳೆಯಾಚೆಯವರ ಮುಂದಾಳು ಅಲ್ಲಿಂದಲೇ ಗದರಿದ. "ಸುಳ್ಳು ಅಂತ ಹೇಗ್ರೀ ಹೇಳ್ತಾನೆ? ನಾವು ಏಳು ಜನ ಅವನ ಮೇಲೆ ಬಿದ್ದಿದ್ವಿ. ನನ್ನ ಕಿವಿ ಅವನ ಬೆನ್ನಿಗೆ ಒತ್ತಿಕೊಂಡಿತ್ತು. ನನ್ನ ಹೆಂಡತಿ ಹೆಸರನ್ನ ನಾನೇ ಅಷ್ಟು ನಿಜವಾಗಿ ಹೇಳಿಲ್ಲ." ಹೇಳಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದು ಹೆಂಡತಿ ಕೂತ ಕಡೆ ಕಳ್ಳನೋಟ ಬೀರಿದ.

ಆಮೇಲೆ ಊರು ಗೆರೆಯವನ ಬಾಗಿಲಿಗೆ ಹೋಯಿತು. ಮೊದಲ ದಿನ ಅವನ ಹೆಸರು ಕೇಳಿ ಮೂಗು ಮುರಿದವರೇ ಈಗ ಬಾಗಿಲು ಬಡಿದು, "ಬಂದು ಒಂದು ತಂಬಿಗೆ ಹೊಯ್ದು ಹೋಗಪ್ಪ, ನಿನ್ನ ದಮ್ಮಯ್ಯ," ಎಂದು ಗೋಗರೆದರು. ಒಳಗಿನಿಂದ ಕೆಮ್ಮು ಮಾತ್ರ ಕೇಳಿಸಿತು. ಎಲ್ಲರೂ ಬೈದುಕೊಂಡು ಹೋದ ಮೇಲೆ ಮುಂದಾಳಿನ ತಂಗಿ ಬಾಗಿಲಿಗೆ ಒರಗಿ ಕೂತಳು.

"ನಾಚಿಕೇನಾ?" ಎಂದು ಕೇಳಿದಳು.

"ಮೊದಲ ದಿನ ನಾಚಿಕೆ," ಎಂದ ಗೆರೆಯವನು ಒಳಗಿನಿಂದ. "ಈಗ ಅದಲ್ಲ ಅಕ್ಕ. ನನ್ನ ಉಸಿರು ನಿಮಗೆ ಗೊತ್ತಲ್ಲ. ಹತ್ತು ಹೆಜ್ಜೆಗೆ ಕಟ್ಟುತ್ತೆ. ದಾರೀಲಿ ಮುರಿದ್ರೆ ಅವನ ಹೆಸರು ನನ್ನ ಬಾಯಿಂದ ಬಿದ್ದುಹೋಗುತ್ತೆ. ಏಳು ಜನರ ಅಡಿಯಲ್ಲೂ ಅವನು ನನ್ನದನ್ನ ಬೀಳಿಸಲಿಲ್ಲ."

ಮರುದಿನ ಅವಳು ನೇರವಾಗಿ ಮೂಲೆಗೆ ಬಂದು ಅದನ್ನು ಹೇಳಿದಳು. ಮೂಲೆಯವನು ಕೇಳಿ ಮುಖ ಆ ಕಡೆ ತಿರುಗಿಸಿಕೊಂಡ. ಅವನಿಗೆ ಸಂತೋಷವಾಗಿತ್ತು, ಆ ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಟವೆಲು ಮುಷ್ಟಿಗೆ ಸುತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ ಪಕ್ಕದವನೂ ಮಾತನ್ನೆಲ್ಲ ಕೇಳಿಸಿಕೊಂಡ. ಅಂದು ಸಂಜೆ ಪೂರ್ತಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದ.

ಒಂದು ಬೆಳಗ್ಗೆ ಊರು ಎದ್ದು ನೋಡಿದಾಗ ಅಳಿಸಿದ್ದ ಗೆರೆಗಳೆಲ್ಲ ಹೊಸದಾಗಿ ಬೆಳ್ಳಗೆ ಬಿದ್ದಿದ್ದವು. ನಿಲ್ಲುವ ಹೊತ್ತಿಗೆ ಎಲ್ಲರೂ ಬಂದು ನಿಂತರು. ಗೆರೆಯವನು ತಂಬಿಗೆ ಹಿಡಿದು ಎದುರು ಬದಿಯಿಂದ ನಡೆದು ಬಂದ. ತಂಬಿಗೆಯ ಮೈತುಂಬ ಅವನ ಸುಣ್ಣದ ಬೆರಳಚ್ಚು. ಜನ್ಮವಿಡೀ ತಾನೇ ಎಳೆದ ಗೆರೆಯನ್ನು ಅವನು ಆಟದ ಹೊತ್ತಿನಲ್ಲಿ ದಾಟಿದವನಲ್ಲ. ಗೆರೆಯ ಮುಂದೆ ನಿಂತು ಉಸಿರು ಎಳೆದುಕೊಂಡ. ಎದೆಯೊಳಗೆ ಸಿಳ್ಳೆಯ ಸದ್ದು ಎಲ್ಲರಿಗೂ ಕೇಳಿಸಿತು. ದಾಟಿದ.

ಒಂದು ಹೆಸರು ಅಂಕಣದೊಳಗೆ ಬಂತು. ಯಾರದಿದು ಎಂದು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಮೂಲೆಯವನಿಗೇ ಒಂದು ಗಳಿಗೆ ಅದು ಯಾರದೆಂದು ತಿಳಿಯಲಿಲ್ಲ. ತಾಯಿ ಹೋದ ಮೇಲೆ ಅದನ್ನು ಯಾರ ಬಾಯಲ್ಲೂ ಕೇಳಿದವನಲ್ಲ. ತಿಳಿದ ಮೇಲೆ ಅವನ ಕಣ್ಣು ತುಂಬಿ ಬಂತು.

ಗೆರೆಯವನು ಬೇಗ ನಡೆದರೆ ಕೆಮ್ಮು ಬರುತ್ತಿತ್ತು, ನಿಧಾನವಾಗಿ ನಡೆದರೆ ಉಸಿರು ಸಾಲುತ್ತಿರಲಿಲ್ಲ. ಹೆಸರು ಹೇಳುತ್ತ ಬಂದ. ಅರ್ಧ ದಾರಿಗೆ ದನಿ ಎಳೆ ಎಳೆಯಾಯಿತು. ಮುಖ ಕಪ್ಪಿಟ್ಟಿತು, ತಂಬಿಗೆ ತುಳುಕಿತು. ಇನ್ನು ನಾಲ್ಕೇ ಹೆಜ್ಜೆಯ ದೂರವಿತ್ತು. ಹೆಸರು ಅವನ ತುಟಿಯ ಮೇಲೆ ಸದ್ದಿಲ್ಲದಷ್ಟು ಸಣ್ಣಗಾಗಿತ್ತು. ಉಸಿರಜ್ಜ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದ. ತೊಳೆಯದ ಕಾಲು ನೀರಿನ ಬಳಿಗೆ ಹೋಗಬಾರದು. ಮೂಲೆಯವನು ಹಲ್ಲು ಕಚ್ಚಿ ನಿಂತಿದ್ದ.

ಆಗ ಪಕ್ಕದವನು ಟವೆಲನ್ನು ನೆಲಕ್ಕೆ ಬಿಸಾಡಿದ.

"ಕೈ ಕೊಡೋ!" ಎಂದು ಅರಚಿ ಮೂಲೆಯವನ ಎಡಗೈಯನ್ನು ಬರಿಗೈಯಲ್ಲಿ ಗಬಕ್ಕನೆ ಹಿಡಿದ. "ಬೀಳು, ನಾನಿದ್ದೀನಿ! ಒಂದು ಕಾಲು ಮೂಲೇಲೇ ಇದ್ರೆ ಜಾಗ ಬಿಟ್ಟ ಹಾಗಲ್ಲ, ಹಾಕು ಇನ್ನೊಂದು ಕಾಲು!"

ಪಕ್ಕದವನ ಇನ್ನೊಂದು ಕೈಯನ್ನು ಅವನಾಚೆಯವನು ಹಿಡಿದ, ಅವನದನ್ನು ಮುಂದಾಳು ಹಿಡಿದ, ಹೀಗೆ ಕೊನೆಯವನ ತನಕ ಸರಪಳಿ ಬಿಗಿಯಿತು. ಮೂಲೆಯವನು ಒಂದು ಕಾಲನ್ನು ಮೂಲೆಯಲ್ಲೇ ಊರಿ ಇಡೀ ಮೈಯನ್ನು ಹೊರಕ್ಕೆ ಚೆಲ್ಲಿದ. ಇನ್ನೊಂದು ಕಾಲು ದೂರ, ಬಹಳ ದೂರ ಹೋಗಿ ಗೆರೆಯವನ ಮುಂದೆ ನಿಂತಿತು. ಸರಪಳಿ ಅವನ ಭಾರ ಹೊತ್ತು ನಡುಗಿತು, ಕಡಿಯಲಿಲ್ಲ. ಗೆರೆಯವನು ಮಂಡಿಯೂರಿ ಬಿದ್ದ. ತಂಬಿಗೆ ಬಗ್ಗಿತು. ಒಣಗಿದ ಮಣ್ಣಿನ ಮೇಲೆ ನೀರು ಬಿತ್ತು.

ಆಮೇಲೆ ಕೆಮ್ಮು. ಗೆರೆಯವನು ನೆಲ ಹಿಡಿದುಕೊಂಡು ಕೆಮ್ಮಿದ. ಮೂಲೆಯವನು ಎಂದಿನಂತೆ ಅದು ನಿಲ್ಲುವ ತನಕ ಕಾದ, ಈ ಸಲ ಒಂದೇ ಕಾಲಿನ ಮೇಲೆ, ಗಾಳಿಯಲ್ಲಿ ತೂಗಾಡುತ್ತ. ಊರಿಗೆ ಊರೇ ಅವನ ಜೊತೆ ಕಾಯಿತು.

ಹಿಂದಿನ ಸಾಲಿನಿಂದ ಯಾರೋ ಗೊಣಗಿದರು, "ಅಜ್ಜ, ಉಸಿರು ಮೊದಲು ಮುರೀತೋ, ನೀರು ಮೊದಲು ಬಿತ್ತೋ?"

"ನನಗೆ ಕೇಳಿದ್ದು ನೀರಿನ ಸದ್ದು," ಎಂದ ಉಸಿರಜ್ಜ.

"ಒಂದೇ ಕಾಲಿಗೆ ಬಿದ್ದಿರೋದು ಅಜ್ಜ. ಇನ್ನೊಂದು ಕಾಲು?"

"ಅದನ್ನ ಅವರವರು ನೋಡ್ಕೋತಾರೆ. ನೀನು ಮನೆಗೆ ಹೋಗಿ ಎಮ್ಮೆ ಕರಿ."

ಆಟ ಮುಗಿಯಿತು. ಹರಿಗೋಲು ಹೊರಟಿತು, ಜನ ತಂಬಿಗೆ ಎತ್ತಿಕೊಂಡು ಚದುರಿದರು. ಸರಪಳಿಯವರು ಒಬ್ಬೊಬ್ಬರಾಗಿ ಕೈ ಸಡಿಲಿಸಿ, ಹೆಗಲು ನೀವಿಕೊಳ್ಳುತ್ತ ಮನೆಯ ದಾರಿ ಹಿಡಿದರು. ಟವೆಲು ಬಿದ್ದಲ್ಲೇ ಬಿದ್ದಿತ್ತು. ಗೆರೆಯವನು ತಂಬಿಗೆಯ ತಳದಲ್ಲಿ ಉಳಿದಿದ್ದ ನೀರನ್ನು ಹಿಡಿದು ಮೆಲ್ಲಗೆ ಎದ್ದ, ಊರಿದ್ದ ಕಾಲಿನ ಕಡೆಗೆ ಬರತೊಡಗಿದ. ಮೂಲೆಯವನು ಇನ್ನೂ ಹೊರಕ್ಕೆ ಚೆಲ್ಲಿಕೊಂಡೇ ನಿಂತಿದ್ದ. ಅವನ ಎಡಗೈ ಬೆವರಿತ್ತು, ಪಕ್ಕದವನದೂ ಬೆವರಿತ್ತು. ಪಕ್ಕದವನು ಕೈ ಬಿಟ್ಟಿರಲಿಲ್ಲ.